ಬಾಸ್ಟನ್ನಿನ ಚಹವೂ ಬೆಳ್ಳಾರೆಯ ಖಜಾನೆಯೂ

ರೆಹಬ್ಬಾಮನ ವೃತ್ತಾಂತವನ್ನು ನಮ್ಮ ಶಾಲೆಯ ವೇದಪಾಠದಲ್ಲಿ ಕಲಿತ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಸೊಲೊಮೋನನು ತೀರಿಕೊಂಡ ಮೇಲೆ ಪ್ರಜೆಗಳು ಅವನ ಮಗನ ಬಳಿಗೆ ಬಂದು, ತಮ್ಮ ಮೇಲಿದ್ದ ಭಾರವನ್ನು ಕೊಂಚ ಇಳಿಸಬೇಕೆಂದು ಬೇಡಿಕೊಂಡರು. ಹಿರಿಯರ ಆಲೋಚನೆಯನ್ನು ತಳ್ಳಿ ತನ್ನ ಓರಗೆಯ ಯೌವನಸ್ಥರ ಮಾತನ್ನು ಹಿಡಿದ ಅರಸನು ಕಠಿಣವಾದ ಉತ್ತರವನ್ನು ಕೊಟ್ಟನು; ಹತ್ತು ಗೋತ್ರಗಳು ಅವನ ಕೈಬಿಟ್ಟು ಹೋದವು. ಈ ಕಥೆಯಲ್ಲಿ ಬಹುಮಂದಿ ಗಮನಿಸದೆ ಬಿಡುವ ಸಂಗತಿಯೊಂದುಂಟು. ಶೆಕೆಮಿನಲ್ಲಿ ಕೂಡಿದ ಜನರು ಬೇರೆ ರಾಜ್ಯವನ್ನು ಕಟ್ಟುವದಕ್ಕೆಂದು ಬಂದವರಲ್ಲ. ಅವರು ಬಂದದ್ದು ರೆಹಬ್ಬಾಮನಿಗೆ ಪಟ್ಟ ಕಟ್ಟುವದಕ್ಕೇ.

ದೇಶಗಳ ಚರಿತ್ರೆಯಲ್ಲಿಯೂ ಹೀಗೆಯೇ. ಸ್ವಾತಂತ್ರ್ಯವೆಂಬ ಮಾತು ಮೊದಲು ಬರುವದು ಅಪರೂಪ. ಮೊದಲು ಬರುವದು ಅರ್ಜಿ. ಆ ಅರ್ಜಿಯು ಒಂದು ದೇಶದಲ್ಲಿ ಸ್ವಾತಂತ್ರ್ಯದ ಘೋಷಣೆಯಾಗಿ ಬೆಳೆಯುವದಕ್ಕೂ ಇನ್ನೊಂದು ದೇಶದಲ್ಲಿ ಬರಿಯ ದಂಗೆಯೆನಿಸಿ ಗಲ್ಲುಗಂಬದಡಿಯಲ್ಲಿ ಮುಗಿಯುವದಕ್ಕೂ ಕಾರಣವೇನು? ಇದನ್ನು ನಾವು ಎರಡು ದೃಷ್ಟಾಂತಗಳಿಂದ ವಿಚಾರಿಸೋಣ. ಒಂದು ಅಮೇರಿಕ ದೇಶದ್ದು. ಮತ್ತೊಂದು ನಮ್ಮ ಕೊಡಗಿನದು. ಇವೆರಡಕ್ಕೂ ಎಲ್ಲಿಯ ಸಂಬಂಧವೆಂದು ಕೆಲವರು ನಗಬಹುದು. ಸಂಬಂಧವುಂಟು, ಮುಂದೆ ಹೇಳುವೆವು.

ಅಮೇರಿಕದ ಕಡಲತೀರದಲ್ಲಿ ಇಂಗ್ಲೆಂಡಿನಿಂದ ಹೋಗಿ ನೆಲಸಿದವರ ವಸಾಹತುಗಳು ಹದಿಮೂರು ಇದ್ದವು. ಅವರು ತಮ್ಮನ್ನು ಇಂಗ್ಲಿಷರೆಂದೇ ತಿಳಿದಿದ್ದರು. 1763ರಲ್ಲಿ ಫ್ರೆಂಚರೊಡನೆ ನಡೆದ ಏಳು ವರುಷಗಳ ಯುದ್ಧವು ಮುಗಿದಾಗ ಇಂಗ್ಲೆಂಡಿನ ಸರಕಾರವು ಸಾಲದಲ್ಲಿ ಮುಳುಗಿತ್ತು. ವಸಾಹತುಗಳ ರಕ್ಷಣೆಗೆ ತಗಲುವ ವೆಚ್ಚದಲ್ಲಿ ಅವರೂ ಪಾಲುಗೊಳ್ಳಲಿ ಎಂದು ಪಾರ್ಲಿಮೆಂಟು ಎಣಿಸಿದ್ದು ಅನ್ಯಾಯವೇನೂ ಅಲ್ಲವೆಂದು ಕಾಣುತ್ತದೆ. ಆದರೆ 1765ರಲ್ಲಿ ಛಾಪಾಕಾಗದದ ಕಾನೂನನ್ನು ಮಾಡಿದಾಗ ಅದು ವಕೀಲರ ಪತ್ರಗಳಿಗೂ ವೃತ್ತಪತ್ರಿಕೆಗಳಿಗೂ ತಗಲಿತು. ಎಂದರೆ, ಯಾರಿಗೆ ಬರೆಯಲೂ ವಾದಿಸಲೂ ಬರುತ್ತಿತ್ತೋ ಅವರ ಮೇಲೆಯೇ ಬಿದ್ದಿತು. ತೆರಿಗೆಯನ್ನು ಹಾಕುವವರು ತಮ್ಮ ಸ್ವಂತ ಸಭೆಗಳವರೇ ಹೊರತು, ತಮ್ಮ ಪ್ರತಿನಿಧಿಯೊಬ್ಬನೂ ಕೂತಿರದ ಲಂಡನಿನ ಸಭೆಯಲ್ಲವೆಂದು ಅವರು ಹಟಹಿಡಿದರು. ಮರುವರುಷವೇ ಕಾನೂನು ರದ್ದಾಯಿತು, ಜಗಳವು ರದ್ದಾಗಲಿಲ್ಲ.

1773ರ ದಶಂಬರ 16ರ ರಾತ್ರಿ ಬಾಸ್ಟನ್ ರೇವಿನಲ್ಲಿ 342 ಪೆಟ್ಟಿಗೆ ಚಹವನ್ನು ಸಮುದ್ರಕ್ಕೆ ಸುರಿದ ಸಂಗತಿಯು ಎಲ್ಲರಿಗೂ ಗೊತ್ತು. ಆ ಚಹವು ಈಸ್ಟ್ ಇಂಡಿಯಾ ಕುಂಪಣಿಯದು; ನಮ್ಮ ಅಜ್ಜಂದಿರ ಕಾಲದವರು ಕುಂಪಣಿ ಸರಕಾರವೆಂದು ಕರೆದದ್ದೂ ಅದನ್ನೇ. ಆಶ್ಚರ್ಯವೇನೆಂದರೆ, ಆ ವರುಷದ ಹೊಸ ಕಾನೂನಿನಿಂದ ಚಹದ ಬೆಲೆಯು ಇಳಿದಿತ್ತು. ಬೆಲೆ ಇಳಿದ ಚಹವನ್ನು ಜನರು ನೀರಿಗೆ ಎಸೆದರು! ಜಗಳವು ಹಣದ ಮೊತ್ತದ ಮೇಲಲ್ಲ, ಹಾಕುವ ಅಧಿಕಾರದ ಮೇಲೆ ಎಂಬದು ಇದರಿಂದ ಸ್ಪಷ್ಟವಾಗುತ್ತದೆ. ಆಮೇಲೂ ಅವರು ಅರ್ಜಿಯನ್ನು ಬಿಡಲಿಲ್ಲ. ಬಂದೂಕಗಳು ಹಾರಿದ ಮೇಲೆ, 1775ರ ಜುಲೈ ತಿಂಗಳಲ್ಲಿ, ಮೂರನೆಯ ಜಾರ್ಜ್ ಅರಸನಿಗೆ ಸಮಾಧಾನದ ಮನವಿಯನ್ನು ಕಳುಹಿಸಿದರು. ಅರಸನು ಅದನ್ನು ಕೈಯಲ್ಲಿ ತೆಗೆದುಕೊಳ್ಳಲೂ ಇಲ್ಲ. ಒಂದು ವರುಷದ ಮೇಲೆ, 1776ರ ಜುಲೈ 4ರಂದು, ಸ್ವಾತಂತ್ರ್ಯದ ಘೋಷಣೆಯಾಯಿತು. 1781ರ ಅಕ್ಟೋಬರ 19ರಂದು ಯಾರ್ಕ್‌ಟೌನ್ ಎಂಬಲ್ಲಿ ಇಂಗ್ಲಿಷರ ದಂಡು ಶರಣಾಯಿತು.

ಆ ದಂಡಿನ ಸೇನಾಪತಿಯ ಹೆಸರು ಕಾರ್ನ್‌ವಾಲಿಸ್. ನಾವು ಹೇಳಿದ ಸಂಬಂಧವು ಇಲ್ಲಿಯೇ ಇರುವದು. ಅಮೇರಿಕವನ್ನು ಕಳಕೊಂಡು ಬಂದ ಈ ಪ್ರಭುವು 1786ರಲ್ಲಿ ಬಂಗಾಳಕ್ಕೆ ಗವರ್ನರ್ ಜನರಲನಾಗಿ ಬಂದನು. ಆಗ್ಗೆ ಕೊಡಗಿನ ದೊಡ್ಡ ವೀರರಾಜೇಂದ್ರನು ಟಿಪ್ಪುವಿನ ಸೆರೆಯಾಗಿ ಪಿರಿಯಾಪಟ್ಟಣದಲ್ಲಿದ್ದನು. 1788ರಲ್ಲಿ ಅಲ್ಲಿಂದ ತಪ್ಪಿಸಿಕೊಂಡು, ತನ್ನ ಕೊಡಗರನ್ನು ಕೂಡಿಸಿ, ಸೀಮೆಯನ್ನು ತಿರಿಗಿ ವಶಮಾಡಿಕೊಂಡು, 1790ರಲ್ಲಿ ಕುಂಪಣಿಯೊಡನೆ ಒಪ್ಪಂದವನ್ನು ಮಾಡಿದನು. ಮರುವರುಷ ಬೊಂಬಾಯಿಯ ದಂಡು ಅಬರ್‌ಕ್ರೊಂಬಿ ಎಂಬ ಜನರಲನ ಕೆಳಗೆ ಕೊಡಗಿನ ಘಟ್ಟವನ್ನೇರಿ ಶ್ರೀರಂಗಪಟ್ಟಣದ ಕಡೆಗೆ ನಡೆಯಿತು. ಆ ಜನರಲನನ್ನು ಅರಸನು ಕಂಡ ಜ್ಞಾಪಕಾರ್ಥವಾಗಿ 1792ರಲ್ಲಿ ವೀರರಾಜೇಂದ್ರಪೇಟೆಯು ಕಟ್ಟಲ್ಪಟ್ಟಿತು. ಅದೇ ವರುಷ ಸಂಧಾನದ ಹೊತ್ತಿನಲ್ಲಿ ಟಿಪ್ಪುವು ಕೊಡಗನ್ನು ಬಿಟ್ಟುಕೊಡಲಾರೆನೆಂದು ಮುನಿದಾಗ, ಕೊಡಗು ನಮ್ಮ ಸ್ನೇಹಿತನದು, ಅದನ್ನು ಬಿಡೆವೆಂದು ಹಿಡಿದವನೂ ಕಾರ್ನ್‌ವಾಲಿಸನೇ. ಹೀಗೆ ಪಡುವಣದಲ್ಲಿ ಕಳೆದುಹೋದ ರಾಜ್ಯದ ಸೇನಾಪತಿಯು ಮೂಡಣದಲ್ಲಿ ಬೇರೊಂದು ರಾಜ್ಯವನ್ನು ಕಟ್ಟುವಾಗ, ಅದರ ಅಂಚಿನ ಕಲ್ಲಾಗಿ ಕೊಡಗು ಸಿಕ್ಕಿತು. ಸ್ನೇಹಿತನ ಗುರುತಾಗಿ ಮುಂದೆ ವರುಷಕ್ಕೊಂದು ಆನೆಯನ್ನು ಕೊಡುವ ಕಟ್ಟಳೆಯೂ ಆಯಿತು.

ಆ ಸ್ನೇಹವು ನಾಲ್ವತ್ತು ವರುಷ ಬಾಳಿತು. ಚಿಕ್ಕ ವೀರರಾಜೇಂದ್ರನ ಕ್ರೌರ್ಯವನ್ನೂ ಅವನ ತಂಗಿ ದೇವಮ್ಮಾಜಿಯು ಗಂಡನೊಡನೆ ಮೈಸೂರು ಸೀಮೆಗೆ ಓಡಿಹೋದದ್ದನ್ನೂ ಇಲ್ಲಿ ವಿಸ್ತರಿಸುವದಿಲ್ಲ. ಅವು ಬೇಕಾದಷ್ಟು ಕಡೆ ಬರೆಯಲ್ಪಟ್ಟಿವೆ. 1834ರ ಎಪ್ರಿಲಿನಲ್ಲಿ ಕುಂಪಣಿಯ ದಂಡು ನಾಲ್ಕು ದಾರಿಯಿಂದ ಬಂದಿತು. ಉತ್ತರದಲ್ಲಿ ಅದಕ್ಕೆ ದೊಡ್ಡ ಪೆಟ್ಟು ಬಿದ್ದಿತಾದರೂ 6ನೆಯ ತಾರೀಖಿನಲ್ಲಿ ಮಡಿಕೇರಿಯ ಕೋಟೆಯ ಮೇಲೆ ಅದರ ಬಾವುಟವೇರಿತು. ಮೇ 7ರಂದು ಕರ್ನಲ್ ಫ್ರೇಜರನು ಹೊರಡಿಸಿದ ಪ್ರಕಟಣೆಯಲ್ಲಿ, ಜನರ ಇಚ್ಛೆಯ ಮೇರೆಗೇ ಕೊಡಗು ಕುಂಪಣಿಗೆ ಸೇರಿತೆಂದೂ ಅವರ ಮತಧರ್ಮಗಳೂ ಪದ್ಧತಿಗಳೂ ಗೌರವಿಸಲ್ಪಡುವವೆಂದೂ ಮಾತು ಕೊಡಲಾಯಿತು.

ಈ ಮಾತನ್ನು ಘಟ್ಟದ ಮೇಲೆ ನಡಿಸಿದರು. ಲಿಂಗರಾಜನು ಬರೆಯಿಸಿದ ಶಿಸ್ತಿನ ಲೆಕ್ಕವೇ ನಿಂತಿತು. ಜಮ್ಮದ ಭೂಮಿಗೆ ಇದ್ದ ಕಡಿಮೆ ಕಂದಾಯವೇ ಉಳಿಯಿತು. ಹಳೆಯ ದಿವಾನರೇ ಚಾವಡಿಯಲ್ಲಿ ಕೂತರು. ಆದರೆ ಹಾಲೇರಿ ಅರಸರ ರಾಜ್ಯವು ಘಟ್ಟದ ಮೇಲೆ ಮಾತ್ರವೇ ಇದ್ದದ್ದಲ್ಲ. ಅಮರ ಸುಳ್ಯ, ಬೆಳ್ಳಾರೆ, ಪಂಜ ಮುಂತಾದ ಮಾಗಣೆಗಳು ಘಟ್ಟದ ಕೆಳಗೆ ಅವರವಾಗಿದ್ದವು. ಇವನ್ನು ಕುಂಪಣಿಯವರು ಕೊಡಗಿನಿಂದ ಕೊಯ್ದು ಮಂಗಳೂರಿನ ಕಲೆಕ್ಟರನ ಕೈಕೆಳಗೆ ಹಾಕಿದರು. ಭೂಪಟದಲ್ಲಿ ನೋಡಿದವನಿಗೆ ಇದು ಸಮಂಜಸವೆಂದೇ ತೋರೀತು. ಸುಳ್ಯಕ್ಕೆ ಮಡಿಕೇರಿಗಿಂತ ಇಳಿಜಾರಿನ ಊರುಗಳೇ ಹತ್ತಿರ. ಕೆಡುಕು ಬಂದದ್ದು ಕಂದಾಯದ ದಾರಿಯಿಂದ.

ಅರಸರ ಕಾಲದಲ್ಲಿ ಈ ಮಾಗಣೆಗಳ ಒಕ್ಕಲು ಬೆಳೆದದ್ದರಲ್ಲಿಯೇ ಸರಕಾರದ ಪಾಲನ್ನು ಅಳೆದುಕೊಡುತ್ತಿದ್ದನು. ಕುಂಪಣಿಯು ರೂಪಾಯಿಯನ್ನು ಕೇಳಿತು. ಓದಿದವರಿಗೆ ಇದು ಚಿಕ್ಕ ಬದಲಾವಣೆಯಾಗಿ ಕಾಣಬಹುದು. ಅದರ ಕೆಲಸವು ಹೇಗೆಂದು ನೋಡಬೇಕು. ಭತ್ತವನ್ನು ಅಳೆದುಕೊಡುವವನು ಪೈರು ಕೆಟ್ಟರೂ ಬೆಲೆ ಕೆಟ್ಟರೂ ಕೈಯಲ್ಲಿದ್ದದ್ದನ್ನೇ ಕೊಡುತ್ತಾನೆ. ರೂಪಾಯಿಯನ್ನು ಕೊಡಬೇಕಾದವನು ಮೊದಲು ಮಾರಬೇಕು. ಅದೂ ಕಂತಿನ ದಿವಸದೊಳಗೆ. ನೆರೆಯವರೆಲ್ಲರೂ ಅದೇ ವಾರದಲ್ಲಿ ಮಾರುವದರಿಂದ ಬೆಲೆಯು ಬೀಳುತ್ತದೆ. ಬಿದ್ದ ಬೆಲೆಯಲ್ಲಿ ಅಷ್ಟೇ ರೂಪಾಯಿ ಹುಟ್ಟಬೇಕಾದರೆ ಹೆಚ್ಚು ಭತ್ತ ಹೋಗುತ್ತದೆ. ಉಳಿದದ್ದು ಮಳೆಗಾಲಕ್ಕೆ ಸಾಲದು. ಆಗ ಪೇಟೆಯ ಸಾಹುಕಾರನ ಬಾಗಿಲು. ಹೀಗೆ ಕಂದಾಯದ ಅಂಕಿಯು ಏರದಿದ್ದರೂ ಕಂದಾಯದ ಭಾರವು ಏರುವದು. ಆ ಕಾಲದಲ್ಲಿ ಮದ್ರಾಸು ಇಲಾಖೆಯಲ್ಲೆಲ್ಲ ಧಾನ್ಯದ ಬೆಲೆಯು ವರುಷವರುಷಕ್ಕೆ ಕುಗ್ಗುತ್ತಿದ್ದಿತೆಂಬದನ್ನೂ ಇದಕ್ಕೆ ಕೂಡಿಸಿರಿ. ಮಂಗಳೂರಿನ ಜಿಲ್ಲೆಯ ರೈತರೇ 1830–31ರಲ್ಲಿ ಊರೂರಿಗೆ ಕೂಟ ಸೇರಿ, ಕಂದಾಯವನ್ನು ಕೊಡಲೊಲ್ಲೆವೆಂದು ಕೂತಿದ್ದರು. ಇಷ್ಟು ತಿಳಿದಿದ್ದ ಜಿಲ್ಲೆಗೇ ಮೂರು ವರುಷದ ಮೇಲೆ ಹೊಸ ಮಾಗಣೆಗಳನ್ನು ಕೂಡಿಸಿ, ನಾಣ್ಯದ ನಿಯಮವನ್ನು ಅವುಗಳ ಮೇಲೂ ಹೊರಿಸಿದ್ದು ಬುದ್ಧಿಯ ಕೆಲಸವಲ್ಲವೆಂದು ನಾವು ಹೇಳಬೇಕಾಗಿದೆ. ರೆಹಬ್ಬಾಮನ ಯೌವನಸ್ಥರು ಎಲ್ಲ ಸರಕಾರಗಳಲ್ಲಿಯೂ ಇರುತ್ತಾರೆ.

1837ರ ಮಾರ್ಚ್ ಕಡೆಯಲ್ಲಿ ಬೆಂಕಿ ಹತ್ತಿತು. ಕೆದಂಬಾಡಿ ರಾಮಗೌಡನ ಮುಂದಾಳುತನದಲ್ಲಿ ಸುಳ್ಯದ ಕಡೆಯ ಒಕ್ಕಲಿಗರು ಎದ್ದು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಅವರು ಮೊದಲು ಕೈಯಿಟ್ಟದ್ದು ಠಾಣೆಯ ಮೇಲಲ್ಲ, ರೂಪಾಯಿಯ ಮನೆಯ ಮೇಲೆ ಎಂಬದನ್ನು ಗಮನಿಸಬೇಕು. ಕೊಡಗಿನ ಗುಡ್ಡೆಮನೆ ಅಪ್ಪಯ್ಯಗೌಡನು ಬಂದು ಸೇರಿದನು. ನಂದಾವರದ ಲಕ್ಷ್ಮಪ್ಪ ಬಂಗರಸನು ಸೇರಿದನು. ದಂಡು ಪುತ್ತೂರು, ಪಾಣೆಮಂಗಳೂರುಗಳ ದಾರಿ ಹಿಡಿದು ಎಪ್ರಿಲ್ 5ರಂದು ಮಂಗಳೂರನ್ನೇ ಹೊಕ್ಕು, ಈಗ ಬಾವುಟಗುಡ್ಡೆಯೆನಿಸುವ ಗುಡ್ಡದ ಮೇಲೆ ತನ್ನ ಬಾವುಟವನ್ನೇರಿಸಿತು. ಸುಮಾರು ಎರಡು ವಾರ ಮಂಗಳೂರಿನಲ್ಲಿ ಕುಂಪಣಿಯ ಆಳಿಕೆ ಇರಲಿಲ್ಲ. ತರುವಾಯ ತಲಚೇರಿ, ಕಣ್ಣಾನೂರುಗಳಿಂದಲೂ ಬೊಂಬಾಯಿಯಿಂದಲೂ ಪಟಾಲಮುಗಳು ಬಂದವು. ನೇಗಿಲು ಹಿಡಿದ ಕೈಗಳ ದಂಡು ಕರಗಿತು. ಅಕ್ಟೋಬರ 31ರಂದು ಅಪ್ಪಯ್ಯಗೌಡನನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಿದರು. ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಬಂಗರಸನೂ ಇತರರೂ ಅದೇ ಮರಣವನ್ನು ಹೊಂದಿದರು.

ನಮ್ಮ ಪಾಲಕರಲ್ಲಿ ಕೆಲವರಿಗೆ ಈ ಚರಿತ್ರೆಯು ಕಹಿಯಾಗಿರುವದನ್ನು ನಾವು ಬಲ್ಲೆವು. ಯಾಕಂದರೆ ದಂಗೆಯನ್ನು ಅಡಗಿಸುವದರಲ್ಲಿ ಕುಂಪಣಿಗೆ ನೆರವಾದವರು ಕೊಡಗಿನವರೇ. ದಿವಾನರಾದ ಅಪ್ಪಾರಂಡ ಬೋಪುವೂ ಚೆಪ್ಪುಡಿರ ಪೊನ್ನಪ್ಪನೂ ಸರಕಾರದ ಕಡೆಯಲ್ಲಿ ನಿಂತರು. ಅವರ ಜೊತೆಯ ಇನ್ನೊಬ್ಬ ದಿವಾನನಾದ ಲಕ್ಷ್ಮೀನಾರಾಯಣನು ದಂಗೆಯವರೊಡನೆ ಕೂಡಿದವನೆಂದು ಸೆರೆಗೆ ಹೋದನು. ನೆರವಾದವರಿಗೆ ಕುಂಪಣಿಯು ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಹೊಯ್ಯಿಸಿ ಕೊಟ್ಟಿತು. ಇವರನ್ನು ದ್ರೋಹಿಗಳೆಂದು ಒಂದೇ ಮಾತಿನಲ್ಲಿ ತೀರಿಸಿಬಿಡುವದು ಸುಲಭ. ಅದು ಚರಿತ್ರೆಯನ್ನು ಓದುವ ಕ್ರಮವಲ್ಲ. ಮೂರು ವರುಷದ ಕೆಳಗೆ ಯಾವ ಅರಸನ ಕೈಯಲ್ಲಿ ಎಷ್ಟೋ ಮನೆಗಳು ಹಾಳಾಗಿದ್ದವೋ, ಆ ಹಾಲೇರಿ ವಂಶದವನೇ ತಾನೆಂದು ಹೇಳಿಕೊಂಡು ಕಲ್ಯಾಣಸ್ವಾಮಿಯೆಂಬ ಹೆಸರು ಎದ್ದಿತ್ತು. ಘಟ್ಟದ ಮೇಲಿನವನಿಗೆ ಆ ಹೆಸರು ಹಳೆಯ ಹೆದರಿಕೆ. ಅವನ ಕಂದಾಯವು ಬದಲಾಗಿರಲಿಲ್ಲ. ಕೆಳಗಿನವನಿಗೆ ಅದೇ ಹೆಸರು ಭತ್ತವನ್ನು ಅಳೆದುಕೊಳ್ಳುತ್ತಿದ್ದ ಹಳೆಯ ಕಾಲ. ಒಂದೇ ಸರಕಾರವು ಎರಡು ಬಗೆಯಾಗಿ ನಡಕೊಂಡಿತು. ಒಂದೇ ರಾಜ್ಯದ ಜನರು ಎರಡು ಪಕ್ಷವಾದರು. ಬಂಗಾರದ ಪದಕವನ್ನು ಕೊಟ್ಟವರಿಗೆ ಇದು ತಿಳಿಯದೆ ಇದ್ದಿತೆಂದು ನಮಗೆ ತೋರುವದಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಬಾಸ್ಟನ್ನಿನವರಿಗೂ ಸುಳ್ಯದವರಿಗೂ ಧೈರ್ಯದಲ್ಲಿ ಭೇದವಿಲ್ಲ. ನೋವಿನಲ್ಲಿ ನೋಡಿದರೆ ಸುಳ್ಯದವರ ನೋವೇ ಹೆಚ್ಚು. ಅವರು ಚೆಲ್ಲಿದ್ದು ಚಹವಲ್ಲ. ಆದರೆ ಬಾಸ್ಟನ್ನಿನವರಿಗೆ ನೂರು ವರುಷಗಳಿಗೂ ಹೆಚ್ಚು ಕಾಲದಿಂದ ತಮ್ಮದೇ ಸಭೆಗಳಿದ್ದವು. ಲಂಡನಿನೊಡನೆ ಜಗಳವಾಡುವದಕ್ಕೆ ಮೊದಲೇ ಲೆಕ್ಕ ಕೇಳುವದನ್ನೂ ಮತ ಹಾಕುವದನ್ನೂ ಸೋತವನು ಮನೆಗೆ ಹೋಗಿ ಮುಂದಿನ ಸಲಕ್ಕೆ ಕಾಯುವದನ್ನೂ ಅವರು ಅಭ್ಯಾಸಮಾಡಿದ್ದರು. ಒಂದು ಊರಿನಲ್ಲಿ ನಡೆದದ್ದು ಮತ್ತೊಂದು ಊರಿಗೆ ಅಚ್ಚಿನ ಕಾಗದದಲ್ಲಿ ಹೋಗುತ್ತಿತ್ತು. ಸುಳ್ಯದವರಿಗೆ ಇದೊಂದೂ ಇರಲಿಲ್ಲ. ರೈತರ ಕೂಟಗಳು ಸೇರಿದ್ದುಂಟು, ಚದರಿಹೋದದ್ದೂ ಉಂಟು. ನಿಂತ ಸಭೆಯೆಂಬದು ಇರಲಿಲ್ಲ. ಕೈಬರಹದ ನಿರೂಪಗಳಲ್ಲದೆ ಸುದ್ದಿಗೆ ಬೇರೆ ವಾಹನವಿರಲಿಲ್ಲ. ಆದುದರಿಂದಲೇ ಕುಂಪಣಿಯನ್ನು ಓಡಿಸಿದ ಮೇಲೆ ಆಳುವವರು ಯಾರೆಂಬ ಪ್ರಶ್ನೆಗೆ ಅವರ ಬಳಿಯಲ್ಲಿ ಒಂದೇ ಉತ್ತರವಿದ್ದಿತು: ಮತ್ತೊಬ್ಬ ಅರಸ. ಆ ಅರಸನೋ, ಕಲ್ಯಾಣಸ್ವಾಮಿಯು ಸೆರೆಯಲ್ಲಿರಲು ಅವನ ಹೆಸರನ್ನು ಹೊತ್ತು ನಡೆದ ಪುಟ್ಟಬಸಪ್ಪನು. ಆ ಬಡವನೂ ಮಂಗಳೂರಿನಲ್ಲಿ ಗಲ್ಲಿಗೇರಿದನು.

ಅಮೇರಿಕದವರನ್ನು ನಾವು ಅತಿಯಾಗಿ ಹೊಗಳುವದೂ ಬೇಡ. ಸಕಲ ಮನುಷ್ಯರೂ ಸಮಾನರೆಂದು ಘೋಷಿಸಿದವರ ಹೊಲಗಳಲ್ಲಿ ಕಪ್ಪು ಜನರು ಗುಲಾಮರಾಗಿ ದುಡಿಯುತ್ತಿದ್ದರು. ಆ ನೆಲದ ಮೂಲನಿವಾಸಿಗಳಿಗೆ ವಸಾಹತುಗಾರರ ಸ್ವಾತಂತ್ರ್ಯವು ತಮ್ಮ ನೆಲದ ನಾಶವೇ ಆಯಿತು. ಕೊಡಗಿಗೂ ವಸಾಹತುಗಾರರು ಬಂದರು. 1854ರಲ್ಲಿ ಮಡಿಕೇರಿಯ ಬಳಿ ಫೌಲರನೆಂಬವನು ಯುರೋಪಿಯನ್ನರ ಮೊದಲ ಕಾಫಿ ತೋಟವನ್ನು ತೆರೆದನು. ಅವನ ಹಿಂದೆ ಅನೇಕರು ಬಂದರು. ಇವರಿಗೂ ಸರಕಾರಕ್ಕೂ ಆಗಾಗ ಗೊಣಗಾಟವಿದ್ದರೂ ಬೇರ್ಪಡುವ ಮಾತು ಎಂದಿಗೂ ಹುಟ್ಟಲಿಲ್ಲ. ಸಾಮ್ರಾಜ್ಯವೇ ಅವರ ಬೇಲಿ. ಮತ್ತು ಪದ್ಧತಿಗಳನ್ನು ಗೌರವಿಸುವೆವೆಂದು 1834ರಲ್ಲಿ ಕೊಟ್ಟ ಮಾತಿನ ನೆರಳಿನಲ್ಲಿ ಜೀತದ ಪದ್ಧತಿಯೂ ಬಹುಕಾಲ ತಂಗಿತ್ತೆಂಬದನ್ನು ಬಚ್ಚಿಡಲಾಗದು. ಗದ್ದೆಯಲ್ಲಿ ಒಡೆಯನಿಗಾಗಿ ನಾಟಿ ನೆಟ್ಟ ಯರವರ ಹೆಂಗಸಿಗೆ ಬೆಳ್ಳಾರೆಯ ಖಜಾನೆ ಯಾರ ಕೈಯಲ್ಲಿದ್ದರೇನು?

ಸುಳ್ಯದವರಲ್ಲಿ ಇಲ್ಲದೆ ಹೋದವುಗಳು ಒಂದೊಂದಾಗಿ ಬಂದವು, ಬಹಳ ನಿಧಾನವಾಗಿ. ಕೊಡಗು ಕುಂಪಣಿಗೆ ಸೇರಿದ 1834ರಲ್ಲಿಯೇ ಬಾಸೆಲ್ ಮಿಶನಿನ ಮೊದಲ ಮೂವರು ಬೋಧಕರು ಮಂಗಳೂರಿಗೆ ಬಂದರು. ಅವರ ಹಿಂದೆ ಬಂದ ಹೆರ್ಮನ್ ಮೋಗ್ಲಿಂಗರು 1843ರಲ್ಲಿ, ಎಂದರೆ ಬಾವುಟಗುಡ್ಡೆಯ ಬಾವುಟವು ಇಳಿದು ಆರೇ ವರುಷಕ್ಕೆ, ಅದೇ ಮಂಗಳೂರಿನಿಂದ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದರು. ಅದು ಕನ್ನಡದ ಮೊದಲ ವೃತ್ತಪತ್ರಿಕೆ. 1853ರಲ್ಲಿ ಕೊಡಗಿಗೆ ಬಂದು ಇಲ್ಲಿಯ ಮಿಶನನ್ನು ಆರಂಭಿಸಿದವರೂ ಅವರೇ. ಅವರು ಬರೆದ ಕೊಡಗಿನ ಚರಿತ್ರೆಯಲ್ಲಿ 1837ರ ಕಥೆಯು ಸರಕಾರದ ಕಡೆಯವರ ಕಣ್ಣಿನಿಂದಲೇ ಕಾಣುತ್ತದೆ; ಆದರೂ ಅಚ್ಚಿನ ಮೊಳೆಯನ್ನು ಒಮ್ಮೆ ತಂದಿಟ್ಟ ಮೇಲೆ ಅದು ತಂದವನ ಮಾತನ್ನಷ್ಟೇ ಆಡುವದಿಲ್ಲ. ಮುಂದಿನ ಶತಮಾನದಲ್ಲಿ ಪಂದ್ಯಂಡ ಬೆಳ್ಯಪ್ಪನವರು 'ಕೊಡಗು' ಎಂಬ ಪತ್ರಿಕೆಯನ್ನು ನಡಿಸಿದಾಗ ಈ ಸೀಮೆಯ ದೂರುಗಳಿಗೆ ಅಚ್ಚಿನ ಬಾಯಿ ಬಂದಿತು.

ಸಭೆಯು ಬಂದದ್ದು 1924ರಲ್ಲಿ. ಇಪ್ಪತ್ತು ಮಂದಿಯ ಕೊಡಗಿನ ಶಾಸನಸಭೆಯಲ್ಲಿ ಹದಿನೈದು ಮಂದಿ ಚುನಾಯಿತರು. ತೋಟದ ಯುರೋಪಿಯನ್ನರಿಗೆ ಬೇರೆ ಸ್ಥಾನವಿದ್ದಿತು, ಕೊನೆಯ ಮಾತು ಚೀಫ್ ಕಮಿಶನರನದೇ. ಹೀಗಾಗಿ ಅದನ್ನು ಆಟದ ಸಭೆಯೆಂದು ನಕ್ಕವರುಂಟು. ನಾವು ನಗಲಾರೆವು. ಎದ್ದು ನಿಂತು ಪ್ರಶ್ನೆ ಕೇಳುವ ಅಭ್ಯಾಸವು ಎಲ್ಲಿಯಾದರೂ ಆರಂಭವಾಗಲೇ ಬೇಕು.

1934ರ ಫೆಬ್ರವರಿಯಲ್ಲಿ, ಕೊಡಗು ಅರಸರನ್ನು ಕಳಕೊಂಡು ಸರಿಯಾಗಿ ನೂರು ವರುಷವಾಗುವ ಹೊತ್ತಿಗೆ, ಮಹಾತ್ಮಾ ಗಾಂಧಿಯವರು ಹರಿಜನ ಸೇವೆಯ ನಿಮಿತ್ತ ಇಲ್ಲಿಗೆ ಬಂದರು. ಕಥೆಗಾರ್ತಿಯಾದ ಕೊಡಗಿನ ಗೌರಮ್ಮನವರು, ಗಾಂಧಿಯವರು ತಮ್ಮ ಮನೆಗೆ ಬಂದೇ ತೀರಬೇಕೆಂದು ಉಪವಾಸ ಹಿಡಿದು ಅವರನ್ನು ಬರಮಾಡಿಕೊಂಡು, ಮೈಮೇಲಿನ ಒಡವೆಗಳನ್ನು ಅವರ ನಿಧಿಗೆ ಕೊಟ್ಟರು. ಆಗ ಅವರಿಗೆ ಇಪ್ಪತ್ತೆರಡರ ಆಚೀಚಿನ ವಯಸ್ಸು, 1939ರಲ್ಲಿ ತೀರಿಹೋದರು. ಇದೇ ಹೆಸರಿನ ಇನ್ನೊಬ್ಬಳು ಗೌರಮ್ಮನ ನೆನಪು ನಮಗೆ ತಡೆಯಲಾರದೆ ಬರುತ್ತದೆ: ಕೊನೆಯ ಅರಸನ ಮಗಳು. 1852ರಲ್ಲಿ ತಂದೆಯೊಡನೆ ಲಂಡನಿಗೆ ಹೋಗಿ, ವಿಕ್ಟೋರಿಯ ರಾಣಿಯೇ ಜ್ಞಾನಮಾತೆಯಾಗಿ ನಿಂತು ದೀಕ್ಷಾಸ್ನಾನವನ್ನು ಹೊಂದಿ, ರಾಣಿಯ ಹೆಸರನ್ನೇ ಪಡೆದು, 1864ರಲ್ಲಿ ಎಳೆಯ ಪ್ರಾಯದಲ್ಲಿ ಅಲ್ಲಿಯೇ ತೀರಿಕೊಂಡವಳು. ಅವಳಿಗೆ ಒಡವೆಗಳನ್ನು ತೊಡಿಸಿ ಚಿತ್ರ ಬರೆಯಿಸಿದರು. ಈಕೆಯು ತಾನೇ ತೆಗೆದುಕೊಟ್ಟಳು. ಎರಡು ಗೌರಮ್ಮಂದಿರ ನಡುವೆ ನಮ್ಮ ಹೆಣ್ಣುಮಕ್ಕಳ ಶಾಲೆಗಳ ಚರಿತ್ರೆಯೇ ಇದೆ.

1947ರ ಆಗಸ್ಟ್ 15ರಂದು ಕೊಡಗು ದೇಶದೊಡನೆ ಸ್ವತಂತ್ರವಾಯಿತು. ಸುಳ್ಯದವರಿಗೆ ತಿಳಿಯದೆ ಇದ್ದ ಉತ್ತರವು ಈ ಸಲ ಸಿದ್ಧವಾಗಿದ್ದಿತು: ಯಾರೂ ಅರಸನನ್ನು ಹುಡುಕಲಿಲ್ಲ. 1952ರ ಚುನಾವಣೆಯಲ್ಲಿ ಇಪ್ಪತ್ತನಾಲ್ಕು ಮಂದಿಯ ಸಭೆಯು ಆರಿಸಲ್ಪಟ್ಟಿತು. ಮೈಸೂರಿನೊಡನೆ ಸೇರಬೇಕೇ, ಬೇರೆಯಾಗಿಯೇ ಇರಬೇಕೇ ಎಂಬದು ಆಗಿನ ದೊಡ್ಡ ವಾದ. ಬೇರೆಯಾಗಿರಬೇಕೆಂಬ ಪಕ್ಷದ ಮುಂದಾಳು ಪಂದ್ಯಂಡ ಬೆಳ್ಯಪ್ಪನವರು, ಗುರುತು ತಕ್ಕಡಿ. ಅವರು ಸೋತರು, ಸಭೆಯಲ್ಲಿ ಎದುರುಗಡೆಯಲ್ಲಿ ಕೂತರು. ಕಾಡಿಗೆ ಯಾರೂ ಹೋಗಲಿಲ್ಲ, ಖಜಾನೆಗೆ ಯಾರೂ ನುಗ್ಗಲಿಲ್ಲ. ಮುಖ್ಯಮಂತ್ರಿಯಾದವರು ಸ್ವಾತಂತ್ರ್ಯದ ಚಳವಳಿಯಲ್ಲಿ ಸೆರೆಮನೆಯನ್ನು ಕಂಡಿದ್ದ ಸಿ. ಎಂ. ಪೂಣಚ್ಚನವರು. 1956ರ ನವಂಬರ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿದಾಗ ಅವರ ಪದವಿಯೂ ಮುಗಿಯಿತು; 1834ರಲ್ಲಿ ಕೊಯ್ದು ಬೇರೆಮಾಡಿದ್ದ ಸುಳ್ಯವೂ ಅದೇ ದಿವಸ ಮದ್ರಾಸನ್ನು ಬಿಟ್ಟು ಅದೇ ರಾಜ್ಯಕ್ಕೆ ಬಂದಿತು.

ಅಪ್ಪಯ್ಯಗೌಡನ ಪ್ರತಿಮೆಯು ಈಗ ಮಡಿಕೇರಿಯಲ್ಲಿದೆ. ಕೆದಂಬಾಡಿ ರಾಮಗೌಡನದನ್ನು ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ನಿಲ್ಲಿಸಿದರು. ಪೂಣಚ್ಚನವರ ಹೆಸರಿನ ಮೊದಲ ಅಕ್ಷರವಾದ 'ಸಿ'ಯು ಅವರ ಮನೆತನದ ಗುರುತು. ಆ ಮನೆತನದ ಹೆಸರು ಚೆಪ್ಪುಡಿರ. 1837ರಲ್ಲಿ ಕುಂಪಣಿಯ ಕಡೆಯಲ್ಲಿ ನಿಂತ ದಿವಾನ್ ಪೊನ್ನಪ್ಪನ ಮನೆಹೆಸರೂ ಅದೇ.